ಪುಟಕ್ಕೆ ಒಂದೂವರೆ ಚಾರ್ಜು

ರಾಯರು: ಈಗೀಗ ಯಾವ ಸಿನಿಮಾಕ್ಕೆ ಹೋದ್ರೂ ಕೊನೇಲಿ ‘ಮುಂದುವರಿಯುವುದು’. ಈ ರೋಗ ಉಲ್ಬಣಿಸಿದ್ರೆ ಹೇಗಿರುತ್ತೆ ಅಂತ ನೋಡ್ಬೇಕಾ, ಮೂರು ಭಾಗದ ‘ಹಾಬಿಟ್’ ಸಿನಿಮಾ ನೋಡಿ.

ಶೀನ: ಶುರುವಾಯ್ತಪ್ಪ. ಮೊದಲನೇ ಭಾಗ ಒಂದೇ ನೂರು ಕೋಟಿ ಡಾಲರ್ ದಾಟಿತ್ತು ಸಾರ್!

ರಾಯರು: ದುಡ್ಡು ನೀನು ಎಣಿಸು, ಪುಟ ನಾನು ಎಣಿಸ್ತೀನಿ. ಮೂಲ ಪುಸ್ತಕ ಇಂಗ್ಲಿಷ್ ಲೇಖಕ ಟೋಲ್ಕಿನ್ ಮಕ್ಕಳಿಗೆ ಅಂತ ಬರೆದಿದ್ದು, 1937ರ ಮೊದಲ ಮುದ್ರಣದಲ್ಲಿ 310 ಪುಟ. ಸಿನಿಮಾ 169, 161, 144, ಒಟ್ಟು 474 ನಿಮಿಷ. ಪುಟಕ್ಕೆ ಒಂದೂವರೆ ನಿಮಿಷ ಬಿತ್ತು. ಇದೇ ನಿರ್ದೇಶಕ ಪೀಟರ್ ಜಾಕ್ಸನ್ ಸಾವಿರ ಪುಟದ ‘ಲಾರ್ಡ್ ಆಫ್ ದ ರಿಂಗ್ಸ್’ನ 558 ನಿಮಿಷಕ್ಕೆ ಮುಗಿಸಿದ್ದ. ಪುಟಕ್ಕೆ ಅರ್ಧ ನಿಮಿಷ ಚಿಲ್ಲರೆ.

ಪದ್ಮ: ರಾತ್ರಿ ಹತ್ತಾದ ಮೇಲಿನ ಆಟೋ ಅನ್ನಿ. ಒನ್ ಅಂಡ್ ಹಾಫ್!

ರಾಯರು: ಚಾರ್ಜು ಕೊಟ್ಟು ಸಾಯೋಣ ಬಿಡಮ್ಮ. ಮೆಜೆಸ್ಟಿಕ್‌ನಿಂದ ಚಿಕ್ಕಪೇಟೆಗೆ ಯಲಹಂಕದ ಮೇಲೆ ಕರ್ಕೊಂಡು ಹೋದ್ರೆ ಏನ್ಮಾಡೋದು? ಆ ಪೀಪಾಯಿ ಪ್ರಸಂಗಾನೇ ತಗೋ. ಪುಸ್ತಕದಲ್ಲಿ ಕುಳ್ಳರು ಸೆರೆಯಲ್ಲಿರ್ತಾರೆ, ಕಾವಲುಗಾರ ಕುಡಿದು ಮಲಗಿರ್ತಾನೆ. ಕಥಾನಾಯಕ ಬಿಲ್ಬೊ ಬೀಗದ ಕೈ ಕದ್ದು, 13 ಜನ ಕುಳ್ಳರನ್ನ ಒಬ್ಬೊಬ್ಬರಾಗಿ ಖಾಲಿ ಪೀಪಾಯಿಗೆ ತುಂಬಿ, ಅಲುಗಾಡದ ಹಾಗೆ ಹುಲ್ಲು ಗಿಡಿದು ಮುಚ್ಚಳ ಜಡೀತಾನೆ. ಎಲ್ಲ ಆದ್ಮೇಲೆ ನೆನಪಾಗುತ್ತೆ, ತನ್ನನ್ನ ತುಂಬೋಕೆ ಯಾರೂ ಉಳಿದಿಲ್ಲ! ಪೀಪಾಯಿ ಬೆನ್ನಿಗೆ ಜೋತುಬಿದ್ದು ಹೋಗಿ, ಮೂರು ದಿನ ನೆಗಡಿ. ಸನ್ಮಾನಕ್ಕೆ ಥ್ಯಾಂಕ್ಸ್ ಹೇಳೋಕೂ ಮೂಗು ಕಟ್ಟಿರುತ್ತೆ.

ಶೀನ: ಸಿನಿಮಾದಲ್ಲೂ ಪೀಪಾಯಿ ಇದ್ಯಲ್ಲ.

ರಾಯರು: ಇದೆ, ಮುಚ್ಚಳ ಇಲ್ಲ! ಮುಚ್ಚಳ ಹಾಕಿದ್ರೆ ಹೊಡೆದಾಡೋದು ಹೇಗೆ? ಎರಡೂ ದಡದಲ್ಲಿ ಓರ್ಕ್ ಅನ್ನೋ ರಾಕ್ಷಸರು, ನಡುವೆ ಬಿಲ್ಲುಗಾರ ಲೆಗೊಲಾಸ್ ಕುಳ್ಳರ ತಲೆ ಮೇಲೆ ಕಾಲಿಟ್ಟು ಬಾಣ ಬಿಡ್ತಾನೆ. ಆ ಪುಣ್ಯಾತ್ಮ ಪುಸ್ತಕದಲ್ಲೇ ಇಲ್ಲ. ದಾರಿ ಉದ್ದಕ್ಕೂ ಅಟ್ಟಿಸಿಕೊಂಡು ಬರೋ ಓರ್ಕ್ ನಾಯಕ ಅಜೋಗ್ ಇದಾನಲ್ಲ, ಟೋಲ್ಕಿನ್ ಲೆಕ್ಕದಲ್ಲಿ ಅವನು ಸತ್ತು 142 ವರ್ಷ ಆಗಿತ್ತು.

ಪದ್ಮ: ಆಟೋಗೆ ದಾರೀಲಿ ಸಿಕ್ಕವರನ್ನೆಲ್ಲ ಹತ್ತಿಸಿಕೊಂಡಿದಾರೆ ಅನ್ನಿ.

ಶೀನ: ಅತ್ತೆ, ನೀವಾದ್ರೂ ಹೇಳಿ. ಪುಸ್ತಕದಲ್ಲಿ ಒಂದು ಹೆಂಗಸೂ ಬಾಯಿ ಬಿಡಲ್ಲ. ಅದಕ್ಕೇ ಸಿನಿಮಾಕ್ಕೆ ಟಾರಿಯೆಲ್ ಅನ್ನೋ ಹೊಸ ಪಾತ್ರ ತಂದಿದ್ದು.

ಪದ್ಮ: ತಂದಿದ್ದು ಸರಿ ಕಣೋ. ಅಷ್ಟು ಚೆನ್ನಾಗಿ ಬಿಲ್ಲು ಹಿಡಿಯೋಳಿಗೆ ಕೊನೇಲಿ ಕೊಟ್ಟಿದ್ದು ಅಳೋ ಕೆಲಸಾನೇ ತಾನೆ? ಈ ಕಡೆ ಕೀಲಿ ಅನ್ನೋ ಕುಳ್ಳ, ಆ ಕಡೆ ಲೆಗೊಲಾಸ್. ಇದಕ್ಕೆ ನಮ್ಮ ಸಂಜೆ ಏಳರ ಸೀರಿಯಲ್ ಸಾಕಾಗಿತ್ತು.

ಶೀನ: ಎಳೆದ್ರೆ ಏನೀಗ? ತಾಳಮದ್ದಲೆಯಲ್ಲಿ ಒಂದು ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳಿದ್ರೆ ತಲೆದೂಗ್ತೀರಿ.

ರಾಯರು: ಅರ್ಥಧಾರಿ ಅರ್ಧ ಗಂಟೆ ಕರ್ಣನ ಮನಸ್ಸಿನೊಳಗೆ ಓಡಾಡ್ತಾನಪ್ಪ. ಇಲ್ಲಿ ಕತ್ತಿ ಓಡಾಡುತ್ತೆ. ಪುಸ್ತಕದ ಯುದ್ಧದಲ್ಲಿ ಬಿಲ್ಬೊ ತಲೆಗೆ ಕಲ್ಲು ಬಿದ್ದು ಎಚ್ಚರ ತಪ್ಪುತ್ತೆ, ಮಿಕ್ಕಿದ್ದು ಆಮೇಲೆ ಅವನ ಕಿವಿಗೆ ಬೀಳೋದು. ಸಿನಿಮಾದಲ್ಲಿ ಅದೇ ಯುದ್ಧ ಮುಕ್ಕಾಲು ಗಂಟೆ. ಕಲ್ಲು ಬಿದ್ದೋನೇ ಪುಣ್ಯವಂತ. ಇನ್ನು ಆ ಡ್ರ್ಯಾಗನ್ ಸ್ಮಾಗ್! 2013ರ ಡಿಸೆಂಬರ್‌ನಲ್ಲಿ ಊರು ಸುಡೋಕೆ ಹಾರಿತು, ಪರದೆ ಕತ್ತಲಾಯ್ತು. ವರ್ಷ ಕಾದು ಹೋದ್ರೆ, ಟೈಟಲ್ ಬರೋದ್ರೊಳಗೇ ಸತ್ತುಬಿತ್ತು. ಪಾಪ್‌ಕಾರ್ನ್ ಕ್ಯೂನಲ್ಲಿ ನಿಂತೋರಿಗೆ ಡ್ರ್ಯಾಗನ್ನೇ ಇಲ್ಲ!

ಶೀನ: ಜಾಕ್ಸನ್ ತಪ್ಪೇನು ಬಿಡಿ. ನಿರ್ದೇಶನ ಮಾಡ್ಬೇಕಿದ್ದ ಗಿಯೆರ್ಮೊ ಡೆಲ್ ಟೊರೊ 2010ರಲ್ಲಿ ಕೈಬಿಟ್ಟ. ಇವನಿಗೆ ತಯಾರಿಗೆ ಟೈಮೇ ಸಿಗಲಿಲ್ಲ.

ರಾಯರು: ಟೈಮಿಲ್ಲದೋನು 2012ರ ಜುಲೈನಲ್ಲಿ, ಬಿಡುಗಡೆಗೆ ಐದು ತಿಂಗಳಿರುವಾಗ, ಎರಡು ಭಾಗ ಅಲ್ಲ, ಮೂರು ಅಂತಾನಾ? ಅದರ ಮೇಲೆ ಸೆಕೆಂಡಿಗೆ 48 ಫ್ರೇಮ್ ಬೇರೆ. ಮಾಮೂಲಿ 24ರಲ್ಲಿ ಓಡೋ ಕಾಲು ಸ್ವಲ್ಪ ಮಸುಕಾಗುತ್ತೆ, ಕಣ್ಣು ಮಿಕ್ಕಿದ್ದನ್ನ ನಂಬಿಬಿಡುತ್ತೆ. 48ರಲ್ಲಿ ಎಲ್ಲ ಕನ್ನಡಿ ಥರ. ಅಂಟಿಸಿದ ಮೂಗು ಅಂಟಿಸಿದ ಮೂಗಿನ ಹಾಗೇ ಕಂಡಿತು.

ಪದ್ಮ: ಮಂತ್ರವಾದಿ ಗ್ಯಾಂಡಾಲ್ಫ್ ಪಾತ್ರ ಮಾಡಿದ ಅಜ್ಜ ಅತ್ತುಬಿಟ್ಟಿದ್ರಂತಲ್ಲ?

ರಾಯರು: ಹೌದಮ್ಮ, ಇಯಾನ್ ಮೆಕೆಲನ್. ಹಳೇ ‘ರಿಂಗ್ಸ್’ ಸಿನಿಮಾದಲ್ಲಿ ಉದ್ದದೋರನ್ನ ಕ್ಯಾಮೆರಾ ಹತ್ರ, ಗಿಡ್ಡದೋರನ್ನ ದೂರ ಕೂರಿಸಿ ಕಣ್ಣಿಗೆ ಮಣ್ಣೆರಚ್ತಿದ್ರು. ತ್ರೀಡಿಯಲ್ಲಿ ಆ ದೂರ ಗೊತ್ತಾಗಿಬಿಡುತ್ತೆ. ಅದಕ್ಕೆ ಕುಳ್ಳರು ಒಂದು ಸೆಟ್ಟಿನಲ್ಲಿ, ಇವರೊಬ್ಬರೇ ಹಸಿರು ಬಟ್ಟೆ ನಡುವೆ. ಎದುರಿಗೆ ಕೋಲಿಗೆ ಸಿಕ್ಕಿಸಿದ ಫೋಟೋಗಳು, ಯಾರ ಮಾತೋ ಆ ಫೋಟೋದ ದೀಪ ಹತ್ತುತ್ತೆ. ಎಪ್ಪತ್ತು ದಾಟಿದ ನಟ, ದೀಪದ ಜೊತೆ ಎಷ್ಟು ಅಂತ ಮಾತಾಡ್ತಾರೆ?

ಶೀನ: ಹಾಗಾದ್ರೆ ಒಂದೂ ಚೆನ್ನಾಗಿಲ್ವಾ?

ರಾಯರು: ಅಭಿಮಾನಿಗಳು ಮೂರನ್ನೂ ಕತ್ತರಿಸಿ ಸುಮಾರು ನಾಲ್ಕು ಗಂಟೆಗೆ ಇಳಿಸಿದ್ರು. ಪ್ರೇಮ ಹೋಯ್ತು, ಅಜೋಗ್ ಬಹುಪಾಲು ಹೋದ. ಆದ್ರೆ ಬಿಲ್ಬೊಗೂ ಗುಹೆಯ ಆ ವಿಚಿತ್ರ ಪ್ರಾಣಿ ಗೊಲ್ಲಮ್‌ಗೂ ನಡೆಯೋ ಒಗಟಿನ ದೃಶ್ಯಕ್ಕೆ ಕತ್ತರಿ ಹಾಕೋಕೆ ಯಾರಿಗೆ ಮನಸ್ಸು ಬರುತ್ತೆ? ಶೂಟಿಂಗ್ ಶುರುವಾಗಿದ್ದೇ ಅದರಿಂದ. ಇಬ್ಬರೇ ನಟರು, ನಾಟಕದ ಥರ ಉದ್ದುದ್ದ ಟೇಕು. ಬಾಣ ಇಲ್ಲ, ಪೀಪಾಯಿ ಇಲ್ಲ, ಬರೀ ಮಾತು. ಅದೊಂದು ಮಾತ್ರ… ಇನ್ನೊಂದು ಹತ್ತು ನಿಮಿಷ ಇರಬೇಕಿತ್ತು ನೋಡು.

ಶೀನ: ಎಳೀಬೇಕಿತ್ತು ಅಂತೀರಾ?

ಪದ್ಮ: ಬರ್ಕೊಳೋ ಶೀನ, ಭಾಗ ನಾಲ್ಕಕ್ಕೆ ಒಂದು ಟಿಕೆಟ್ ಆಯ್ತು!