19 ಸಾವಿರದ ಎಂಟಿಬಿ ಸೈಕಲ್‌ಗೆ ಇನ್ನೂ 15 ಸಾವಿರ ಸುರಿಯಲಾ, ಮಾರಿಬಿಡಲಾ?

ಉತ್ತರಹಳ್ಳಿ ಹೊಸಬ:
ಎರಡು ವರ್ಷದ ಹಿಂದೆ 19 ಸಾವಿರಕ್ಕೆ ತಗೊಂಡ ಎಂಟಿಬಿ (ಗುಡ್ಡಗಾಡಿನ ಸೈಕಲ್), ಹಾರ್ಡ್‌ಟೇಲ್, ಅಂದ್ರೆ ಮುಂದೆ ಮಾತ್ರ ಸಸ್ಪೆನ್ಷನ್ ಇರೋದು. 27.5 ಇಂಚು ಚಕ್ರ, ಮುಂದೆ ಮೂರು ಹಿಂದೆ ಏಳು ಗೇರ್, ವೈರ್ ಡಿಸ್ಕ್ ಬ್ರೇಕ್, ಮುಂದಿನ ಚಕ್ರ ಹಿಡಿಯೋ ಸ್ಪ್ರಿಂಗ್ ಫೋರ್ಕ್. ವಾರಕ್ಕೆ ಮೂರು ದಿನ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರ್ತೀನಿ, ಭಾನುವಾರ ತುರಹಳ್ಳಿ ಕಾಡಿನ ಕಡೆ. ನನ್ನ ತೂಕ 92 ಕೆಜಿ. ಕೈಯಲ್ಲಿ 15 ಸಾವಿರ ಇದೆ. ಮೊದಲು ಯಾವುದಕ್ಕೆ ಹಾಕ್ಲಿ? ಟೈರಾ, ಬ್ರೇಕಾ, ಫೋರ್ಕಾ? ಇಲ್ಲಾ ಇದನ್ನ ಮಾರಿ ಬೇರೆ ತಗೊಳ್ಳೋದೇ ಮೇಲಾ? ಅನುಭವ ಇದ್ದವರು ಹೇಳಿ.

ಗೇರ್ ಗಿರಾಕಿ:
ಗುರು, ನನ್ನ ಲೆಕ್ಕ ಕೇಳು, ಆಮೇಲೆ ನೀನೇ ತೀರ್ಮಾನ ಮಾಡು. 24 ಸಾವಿರದ ಸೈಕಲ್. ಮುಂದೆ ಮೂರು ಹಲ್ಲುಚಕ್ರ ಯಾಕೆ, ಒಂದೇ ಸಾಕು ಅಂತ ಯಾರೋ ತಲೆಗೆ ಹುಳ ಬಿಟ್ರು. ಶಿಮಾನೊ ಡಿಯೋರ್ 11 ಸ್ಪೀಡ್ ಹಾಕೋಣ ಅಂತ ಹೊರಟೆ. ಚೈನನ್ನ ಗೇರಿಂದ ಗೇರಿಗೆ ದಾಟಿಸೋ ಡಿರೇಲರ್ 5,200. ಹ್ಯಾಂಡಲ್ ಮೇಲಿನ ಗೇರ್ ಶಿಫ್ಟರ್ 2,600. 11–51 ಕ್ಯಾಸೆಟ್ (ಹಿಂದಿನ ಗೇರ್ ಗುಚ್ಛ, 11 ಹಲ್ಲಿಂದ 51 ಹಲ್ಲಿನವರೆಗೆ) 6,900. ಚೈನ್ 1,900. ಇಷ್ಟೇ ಅಂದ್ಕೊಂಡಿದ್ದೆ. ಡಬ್ಬ ಒಡೆದ ಮೇಲೆ ಗೊತ್ತಾಗಿದ್ದು, ನನ್ನ ಹಿಂದಿನ ಹಬ್ (ಚಕ್ರದ ನಡುಗುಂಬ) ಫ್ರೀವೀಲ್ ಹಬ್, ಗೇರ್ ಗುಚ್ಛವನ್ನ ತಿರುಪಿನ ಹಾಗೆ ತಿರುಗಿಸಿ ಕೂರಿಸೋ ಹಳೇ ಥರದ್ದು, ಅದರ ಮೇಲೆ ಕ್ಯಾಸೆಟ್ ಕೂರೋದೇ ಇಲ್ಲ. ಹೊಸ ಹಿಂದಿನ ಚಕ್ರ, 4,800. ಮುಂದಿನ ಹಲ್ಲುಚಕ್ರ ಬಿಚ್ಚೋಕೆ ಹೋದ್ರೆ ಬೋಲ್ಟೇ ಇಲ್ಲ, ರಿವೆಟ್ ಹೊಡೆದಿದ್ದಾರೆ! ಪೆಡಲ್ ಕೂರೋ ಇಡೀ ಕ್ರ್ಯಾಂಕ್ ಹೊಸದು, 4,500. ಅದಕ್ಕೆ ಹೊಂದೋ ಬಾಟಮ್ ಬ್ರಾಕೆಟ್ (ಕ್ರ್ಯಾಂಕ್ ತಿರುಗೋ ಬೇರಿಂಗ್) 900. ಕೂಲಿ 1,500. ಒಟ್ಟು 28,300. ಸೈಕಲ್‌ಗಿಂತ 4,300 ಜಾಸ್ತಿ. ಮನೇಲಿ ಇವತ್ತಿಗೂ 12 ಸಾವಿರ ಅಂತಲೇ ಹೇಳಿರೋದು.

ಅಷ್ಟಕ್ಕೆ ಮುಗೀತಾ? ಹತ್ತೊಂಬತ್ತನೇ ದಿನ ಬನ್ನೇರುಘಟ್ಟ ರಸ್ತೇಲಿ ನೀರು ತುಂಬಿದ ಗುಂಡಿಗೆ ಇಳಿದು ಬಲಗಡೆಗೆ ಮಗುಚಿದೆ. ನನಗೆ ಮೊಣಕೈ ತರಚಿತು ಅಷ್ಟೆ, ಡಿರೇಲರ್ ಹ್ಯಾಂಗರ್ ಒಳಕ್ಕೆ ಬಗ್ಗಿಹೋಯ್ತು. ಡಿರೇಲರನ್ನ ಫ್ರೇಮ್‌ಗೆ ಹಿಡಿದಿಡೋ ಎರಡು ಬೆರಳಗಲದ ಅಲ್ಯೂಮಿನಿಯಂ ತುಂಡು ಅದು. ಒಂದೊಂದು ಫ್ರೇಮ್‌ಗೂ ಒಂದೊಂದು ಆಕಾರ. ನಮ್ಮ ಮಾಡೆಲ್ ನಿಂತುಹೋಗಿದೆ, ಬರಲ್ಲ ಅಂದ್ರು. ಮೂರು ವಾರ ಸೈಕಲ್ ಸೆಲ್ಲಾರ್‌ನಲ್ಲಿ ಧೂಳು ತಿಂತು. ಕೊನೆಗೆ ಹೆಚ್ಚುಕಮ್ಮಿ ಹೊಂದೋ 650 ರೂಪಾಯಿದು ಒಂದು ತಂದು, ಬಾಲ್ಕನೀಲಿ ಕೂತು ಅರದಲ್ಲಿ ಉಜ್ಜಿ ಉಜ್ಜಿ ಕೂರಿಸ್ದೆ. ಈಗ ನಾಲ್ಕನೇ ಗೇರ್‌ನಲ್ಲಿ ಮಾತ್ರ ಟಿಕ್ ಟಿಕ್ ಅನ್ನತ್ತೆ. ಆದ್ರೂ ನಂದಿ ಹತ್ತೋವಾಗ ಆ 51ಕ್ಕೆ ಚೈನ್ ಬಿದ್ದಾಗಿನ ಸುಖ ಇದೆಯಲ್ಲ... ಪಶ್ಚಾತ್ತಾಪ ಇಲ್ಲ. ಸ್ವಲ್ಪ ಇದೆ.

ಯಲಹಂಕ 29:
24 ಪ್ಲಸ್ 28, ಅಲ್ಲಿಗೆ 52 ಸಾವಿರ. ಆ ದುಡ್ಡಿಗೆ ಕ್ಯಾಸೆಟ್ ಹಬ್ಬು, ಎಣ್ಣೆ ಒತ್ತಡದ ಹೈಡ್ರಾಲಿಕ್ ಬ್ರೇಕು ಎಲ್ಲ ಇರೋ ಸೈಕಲ್ಲೇ ಬರ್ತಿತ್ತಲ್ಲ ಸ್ವಾಮಿ! ಹಳೇ ಮನೆಗೆ ಸುಣ್ಣ ಬಳಿದೂ ಬಳಿದೂ ಹೊಸ ಮನೆ ದುಡ್ಡು ಕಳ್ಕೊಂಡ ಹಾಗೆ.

ನಾನೂ ಇದೇ ಹಾದೀಲಿ ಹೋಗಿ ಬಂದವನೇ. ಹಳೇ ಸೈಕಲ್‌ನ ಸ್ಪ್ರಿಂಗ್ ಫೋರ್ಕ್ ಎರಡೂವರೆ ಕೆಜಿ ತೂಗ್ತಿತ್ತು, ಅವಲಹಳ್ಳಿ ಕಾಡಲ್ಲಿ ಬೇರು ಹತ್ತಿದ್ರೆ ಪೋಗೋ ಸ್ಟಿಕ್ ಥರ ಎಗರಿಸ್ತಿತ್ತು. ಮೇಲಿರೋ ಗುಂಡಿ ತಿರುಗಿಸಿದ್ರೆ ಸ್ಪ್ರಿಂಗ್ ಗಟ್ಟಿಯಾಗತ್ತೆ ಅಷ್ಟೆ, ಎಗರೋದು ನಿಲ್ಲಲ್ಲ. ಸ್ಪ್ರಿಂಗ್ ಬದಲು ಗಾಳಿ ತುಂಬೋ ಸೆಕೆಂಡ್‌ಹ್ಯಾಂಡ್ ಏರ್ ಫೋರ್ಕ್ ಒಂದು 9 ಸಾವಿರಕ್ಕೆ ಸಿಕ್ತು. ಕುಣಿದಾಡ್ಕೊಂಡು ತಂದೆ. ಅದರ ಕೊಳವೆ ಬುಡದಲ್ಲಿ ದಪ್ಪ, ಟೇಪರ್ಡು. ನನ್ನ ಫ್ರೇಮಿಂದು ನೆಟ್ಟಗೆ ಒಂದೂ ಒಂದೆಂಟಾಂಶ ಇಂಚು. ಒಳಗೆ ಹೋಗೋದೇ ಇಲ್ಲ. ಹೋಗಿದ್ರೂ ಚಕ್ರ ಕೂರ್ತಿರ್ಲಿಲ್ಲ, ಅದಕ್ಕೆ 15 ಮಿಮೀ ದಪ್ಪದ ಥ್ರೂ ಆಕ್ಸಲ್ (ಚಕ್ರದ ಅಚ್ಚು), ನಂದು ತೆಳು ಕಡ್ಡಿಯ ಕ್ವಿಕ್ ರಿಲೀಸು. 6,500ಕ್ಕೆ ಮಾರಿದೆ. ಕುಣಿದಿದ್ದಕ್ಕೆ ಎರಡೂವರೆ ಸಾವಿರ.

ಕೊನೆಗೆ ಬುದ್ಧಿ ಬಂದು ಹೊಸ 29 ಇಂಚಿಂದು ತಗೊಂಡೆ, 56 ಸಾವಿರ. ಯಾವತ್ತು ಗೊತ್ತಾ? 2025ರ ಗೌರಿ ಹಬ್ಬದ ದಿನ. ಒಂದು ವಾರಕ್ಕೆ ಸುದ್ದಿ ಬಂತು, ಸೆಪ್ಟೆಂಬರ್ 22ರಿಂದ ಸೈಕಲ್ ಮೇಲೆ ಜಿಎಸ್‌ಟಿ 12ರಿಂದ 5ಕ್ಕೆ. ಲೆಕ್ಕ ಹಾಕಿ ನೋಡಿ, ತೆರಿಗೆ ಬಿಟ್ಟು 50 ಸಾವಿರ, ಅದರ ಮೇಲೆ ಏಳು ಪರ್ಸೆಂಟ್, 3,500 ರೂಪಾಯಿ. ಒಳ್ಳೇ ದಿನ ನೋಡಿ ತಗೋ ಅಂದಿದ್ದು ನಮ್ಮಮ್ಮ. ಅವರಿಗೆ ಇನ್ನೂ ಹೇಳಿಲ್ಲ.

ಗೇರ್ ಗಿರಾಕಿ:
56 ಸಾವಿರ ಕೊಟ್ಟವನು ನನಗೆ ಲೆಕ್ಕ ಹೇಳ್ಕೊಡ್ತಿದಾನೆ. ನಾನು 52ನ್ನ ಎರಡು ವರ್ಷದಲ್ಲಿ ಖರ್ಚು ಮಾಡಿದ್ದು, ಒಂದೇ ಏಟಿಗಲ್ಲ. ಒಂದೊಂದು ತಿರುಪೂ ನನ್ನ ಕೈಯಾರೆ ಕೂತಿರೋದು. ನಿನ್ನದರಲ್ಲಿ ಪಂಕ್ಚರ್ ಆದ್ರೆ ಅಂಗಡಿಗೆ ಫೋನ್ ಮಾಡ್ತೀಯ.

ಹುಬ್ಬಳ್ಳಿ ಹೈದ:
ಇಬ್ರೂ ಸುಮ್ನಿರ್ರಿ. ಮೊದ್ಲ ನಿಲ್ಲೂದ್ ಕಲೀಬೇಕು, ಆಮ್ಯಾಲ ಓಡೂದು. ಬ್ರೇಕ್ ಹಾಕಸ್ರಿ ತಮ್ಮಾ, ಹೈಡ್ರಾಲಿಕ್. ನಾನು ಶಿಮಾನೊ ಎಂಟಿ200 ಜೋಡಿ 5,400 ಕೊಟ್ಟು ಹಾಕಸೇನಿ. ಒಂದ್ ಬೆರಳ್ ಸಾಕು, ಗಪ್ ಅಂತ ನಿಲ್ತೈತಿ.

ಆದ್ರ ನನ್ನ ಕರ್ಮ ಕೇಳ್ರಿ. ಒಂದ್ ವರ್ಷಕ್ಕ ಲಿವರ್ ಮೆತ್ತಗಾತು, ಒಳಗ ಗಾಳಿ ಹೊಕ್ಕಿತ್ತು. ಮನಿ ಹತ್ರ ಒಂದ್ ಅಂಗಡ್ಯಾಗ ಬ್ಲೀಡ್ ಮಾಡಾಕ, ಅಂದ್ರ ಗಾಳಿ ತಗದು ಎಣ್ಣಿ ತುಂಬಾಕ ಕೊಟ್ಟೆ. ಆ ಪುಣ್ಯಾತ್ಮ ಮಿನರಲ್ ಆಯಿಲ್ ಹಾಕೂದ್ ಬಿಟ್ಟು ಮೋಟಾರ್‌ಸೈಕಲ್ಲಿನ ಡಾಟ್ 4 ಬ್ರೇಕ್ ಆಯಿಲ್ ತುಂಬ್ಯಾನ! ಎರಡ್ ದಿನ ಛಲೋ ಇತ್ತು. ಮೂರನೇ ದಿನ ಲಿವರ್ ಒತ್ತಿದ್ದು ವಾಪಸ್ ಬರವಲ್ದು. ಒಳಗಿನ ರಬ್ಬರ್ ಸೀಲ್ ಎಲ್ಲಾ ಉಬ್ಬಿ ಬೂಂದಿ ಲಾಡು ಆಗಿದ್ವು. ಸಿಲ್ಕ್ ಬೋರ್ಡ್ ಹತ್ರ ಮುಂದಿನ ಚಕ್ರ ಬ್ರೇಕ್ ಹಿಡ್ಕೊಂಡ ನಿಂತ್ಬಿಡ್ತು, ಹಿಂದ ಬಸ್ಸು, ಹಾರ್ನ್ ಮ್ಯಾಲ ಹಾರ್ನ್. ಸೈಕಲ್ಲಿನ ಮುಂದಿನ ಭಾಗ ಎತ್ಕೊಂಡ ದಾಟಿಸೇನಿ. ಕೇಳಿದ್ರ "ಎರಡೂ ಬ್ರೇಕ್ ಆಯಿಲ್ ಅಲ್ವಾ ಸಾರ್" ಅಂತಾನ. ಮತ್ತ 5,400. ಈಗ 100 ಎಂಎಲ್ ಬಾಟಲಿ, ಸಿರಿಂಜು ನಾನ ಇಟ್ಕೊಂಡೇನಿ. ಸಿರಿಂಜ್ ಕೊಳ್ಳಾಕ ಹೋದ್ರ ಮೆಡಿಕಲ್ ಶಾಪಿನಾಂವ ನನ್ನ ಮಾರಿ ನೋಡಿದ್ದ ನೋಡಿದ್ದು.

ಮಲ್ಲೇಶ್ವರದ ಹಳೇ ಸವಾರ:
ಈ ಎಲ್ಲ ರಾಮಾಯಣವೂ ಬೇಡ. ವೈರ್ ಡಿಸ್ಕ್ ಬ್ರೇಕನ್ನು ಸರಿಯಾಗಿ ಹೊಂದಿಸಲು ಬಾರದವರೇ ಎಣ್ಣೆ ಬ್ರೇಕಿನ ಹಿಂದೆ ಓಡುವುದು. ಅಗ್ಗದ ವೈರ್ ಬ್ರೇಕಿನಲ್ಲಿ ಹೊರಗಿನ ಪ್ಯಾಡ್ ಮಾತ್ರ ಚಲಿಸುತ್ತದೆ, ಅದು ರೋಟರನ್ನು (ಚಕ್ರದ ಜೊತೆ ತಿರುಗುವ ತಟ್ಟೆಯನ್ನು) ಒತ್ತಿ ಒಳಗಿನ ಪ್ಯಾಡಿಗೆ ಬಗ್ಗಿಸುತ್ತದೆ. ಒಳಗಿನದು ಸವೆದಂತೆಲ್ಲ ತಿರುಪನ್ನು ಅರ್ಧ ಸುತ್ತು ಒಳಕ್ಕೆ ಕೊಡುತ್ತ ಹೋಗಬೇಕು. ಇದನ್ನು ಮಾಡದೆ "ಬ್ರೇಕ್ ಹಿಡಿಯಲ್ಲ" ಎನ್ನುತ್ತಾರೆ. 180 ರೂಪಾಯಿಯ ಪ್ಯಾಡ್, ಒಳ್ಳೆಯ ಕೇಬಲ್, ಅಲ್ಲಿಗೆ ಮುಗಿಯಿತು. ತಂತಿ ಹರಿದರೆ ದೇವನಹಳ್ಳಿಯ ರಸ್ತೆ ಬದಿಯ ಸೈಕಲ್ ಶಾಪಿನಲ್ಲೂ ಸಿಗುತ್ತದೆ. ನಿಮ್ಮ ಮಿನರಲ್ ಆಯಿಲ್ ಸಿಗುತ್ತದೆಯೇ? 1983ರಿಂದ ಮಲ್ಲೇಶ್ವರದಿಂದ ಜಾಲಹಳ್ಳಿ ಎಚ್‌ಎಂಟಿಗೆ ರಾಡ್ ಬ್ರೇಕಿನ ಸೈಕಲ್‌ನಲ್ಲಿ ಹೋಗಿ ಬಂದವನು ನಾನು. ಗೇರೂ ಇರಲಿಲ್ಲ, ಸಸ್ಪೆನ್ಷನ್ನೂ ಇರಲಿಲ್ಲ.

ಹುಬ್ಬಳ್ಳಿ ಹೈದ:
ಗುಂಡಿನೂ ಇರ್ಲಿಲ್ಲ, ಅದನ್ನೂ ಹೇಳ್ರಿ ಯಜಮಾನ್ರ. ಆ ರಾಡ್ ಬ್ರೇಕ್ ಹಿಡ್ಕೊಂಡು ಮಳ್ಯಾಗ ನಂದಿ ಇಳದ್ ತೋರಸ್ರಿ, ನಿಮ್ಮ ಕಾಲ್ ಮುಗೀತೇನಿ.

ಮಲ್ಲೇಶ್ವರದ ಹಳೇ ಸವಾರ:
ಇಳಿದಿದ್ದೇನೆ. 1987ರಲ್ಲಿ. ಚಪ್ಪಲಿ ಸವೆಯಿತು, ಒಪ್ಪುತ್ತೇನೆ.

ಐದಡಿ ಒಂದಿಂಚು:
ಬ್ರೇಕು ಗೇರು ಆಮೇಲೆ. ಫ್ರೇಮ್ ಸೈಜ್ ಸರಿ ಇದೆಯಾ ಅಂತ ಒಬ್ಬರೂ ಕೇಳಲಿಲ್ಲವಲ್ಲ? ನನಗೆ 17 ಇಂಚಿನ ಫ್ರೇಮ್ ಕಟ್ಟಿದ್ರು. "ಸೀಟ್ ಇಳಿಸಿದ್ರೆ ಆಯ್ತು ಮೇಡಂ." ಸೀಟ್ ಇಳಿಯತ್ತೆ, ಹ್ಯಾಂಡಲ್ ಹತ್ತಿರ ಬರತ್ತಾ? ಮೊದಲ ತಿಂಗಳು ಕುತ್ತಿಗೆ, ಎರಡನೇ ತಿಂಗಳು ಅಂಗೈ ಜೋಮು. ಹ್ಯಾಂಡಲ್ ಹಿಡಿದಿಡೋ 90 ಮಿಮೀ ಸ್ಟೆಮ್ ತೆಗೆದು 50 ಹಾಕ್ಸಿದೆ, 1,100. ಸ್ಯಾಡಲ್ ಎರಡು ಸಲ ಬದಲಿಸಿದೆ, 1,600 ಒಮ್ಮೆ, 2,300 ಒಮ್ಮೆ. ಫಿಸಿಯೋಥೆರಪಿಗೆ ಆರು ಸಿಟ್ಟಿಂಗ್, 3,600. ಟಾಪ್‌ಟ್ಯೂಬ್‌ನ (ಫ್ರೇಮಿನ ಮೇಲಿನ ಕೊಳವೆ) ಎರಡೂ ಕಡೆ ಕಾಲೂರಿ ನಿಲ್ಲೋಕೆ ಆಗದೆ ಸಿಗ್ನಲ್‌ನಲ್ಲಿ ಫುಟ್‌ಪಾತ್ ಹುಡುಕ್ಕೊಂಡು ಹೋಗಿ ಕಾಲಿಡ್ತಿದ್ದೆ, ಜಯನಗರದ ಒಂದೊಂದು ಫುಟ್‌ಪಾತೂ ನನಗೆ ಬಾಯಿಪಾಠ. 28 ಸಾವಿರದ್ದನ್ನ 11 ಸಾವಿರಕ್ಕೆ ಮಾರಿ 15 ಇಂಚಿನ ಹಳೇದೊಂದು ತಗೊಂಡೆ. ಅದಕ್ಕೆ ಇವತ್ತಿನವರೆಗೂ ಒಂದು ರೂಪಾಯಿ ಅಪ್‌ಗ್ರೇಡ್ ಮಾಡಿಲ್ಲ.

ಗೇರ್ ಗಿರಾಕಿ:
ಅದು ಲೇಡೀಸ್ ಪ್ರಾಬ್ಲಮ್ ಮೇಡಂ, ಇವರಿಗೆ ಅನ್ವಯ ಆಗಲ್ಲ ಅನ್ಸತ್ತೆ.

ಐದಡಿ ಒಂದಿಂಚು:
ಫ್ರೇಮ್ ಉದ್ದ ಯಾವಾಗಿಂದ ಲೇಡೀಸ್ ಪ್ರಾಬ್ಲಮ್ ಆಯ್ತು? ಹಬ್ ಯಾವುದು ಅಂತ ನೋಡದೆ 28 ಸಾವಿರ ಸುರಿದಿದ್ದು ಯಾರ ಪ್ರಾಬ್ಲಮ್ಮೋ?

ಜಾಲಿಮುಳ್ಳು:
ಹಹ್ಹ. ಬಿಡಿ, ತುರಹಳ್ಳಿ ಅಂದ್ರಲ್ಲ, ಅದಕ್ಕೆ ಬರ್ತೀನಿ. ಅಲ್ಲಿ ನಿಮ್ಮ ಶತ್ರು ಕಲ್ಲಲ್ಲ, ಮುಳ್ಳು. ಒಂದೇ ಭಾನುವಾರ ಏಳು ಪಂಕ್ಚರ್ ಆದವನು ನಾನು. ಎರಡು ಟ್ಯೂಬ್, ಆರು ಪ್ಯಾಚ್ ತಗೊಂಡು ಹೋಗಿದ್ದೆ, ಎಲ್ಲ ಖಾಲಿಯಾಗಿ ಕನಕಪುರ ರಸ್ತೆವರೆಗೂ ತಳ್ಕೊಂಡು ಬಂದೆ. ಮನೇಲಿ ಬಂದು ಟೈರ್ ಒಳಗೆ ಬೆರಳಾಡಿಸಿದ್ರೆ ಇನ್ನೂ ಮೂರು ಮುಳ್ಳಿನ ತುದಿ. ಆಮೇಲೆ ಟ್ಯೂಬ್‌ಲೆಸ್ ಮಾಡ್ಸಿದೆ. ಮಾಮೂಲಿ ರಿಮ್‌ಗೇ ಟೇಪ್ ಸುತ್ತಿ, ವಾಲ್ವ್ ಹಾಕಿ, ತೂತು ಮುಚ್ಚೋ ದ್ರವ, ಸೀಲಂಟ್ ಸುರಿದು. ಮೊದಲ ಸಲ ಟೈರ್ ಕೂರಲೇ ಇಲ್ಲ, ಪೆಟ್ರೋಲ್ ಬಂಕ್‌ನಲ್ಲಿ ಗಾಳಿ ಹೊಡೆಸೋವಾಗ ಸೀಲಂಟ್ ಬುಸ್ ಅಂತ ಹಾರಿ ಗಾಳಿ ಹುಡುಗನ ಷರ್ಟು, ನನ್ನ ಗಡ್ಡ ಎಲ್ಲ ಮಜ್ಜಿಗೆ ಅಭಿಷೇಕ. ಈಗ ಎರಡು ವರ್ಷಕ್ಕೆ ಒಂದೇ ಪಂಕ್ಚರ್. ಆದ್ರೆ ಬೇಸಿಗೇಲಿ ಸೀಲಂಟ್ ಒಣಗತ್ತೆ, ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಹಾಕ್ಬೇಕು.

ಹಕ್ಕಿ ನೋಡುವವ:
ಏಳು ಪಂಕ್ಚರ್ ಆದ್ರೂ ಬುದ್ಧಿ ಬರಲಿಲ್ಲ ಅನ್ನಿ. ಅದು ಕಾಡು, ನಿಮ್ಮ ಆಟದ ಮೈದಾನ ಅಲ್ಲ. ಮಳೆಗಾಲದಲ್ಲಿ ಒಂದೇ ಜಾಡಲ್ಲಿ ಹತ್ತು ಚಕ್ರ ಹೋದ್ರೆ ಅಲ್ಲೇ ಕಾಲುವೆ ಕೊರೆಯತ್ತೆ.

ಜಾಲಿಮುಳ್ಳು:
2021ರಲ್ಲಿ ತುರಹಳ್ಳೀಲಿ ಟ್ರೀ ಪಾರ್ಕ್ ಬೇಡ ಅಂತ ಬೋರ್ಡ್ ಹಿಡಿದು ನಿಂತವರಲ್ಲಿ ನಾನೂ ಒಬ್ಬ. ನೀವೆಲ್ಲಿದ್ರಿ?

ಹಕ್ಕಿ ನೋಡುವವ:
ನಾನೂ ಅಲ್ಲೇ ಇದ್ದೆ. ಸೈಕಲ್ ತಂದಿರಲಿಲ್ಲ, ಅಷ್ಟೇ ವ್ಯತ್ಯಾಸ.

ಹಳದಿ ಲೈನ್:
ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಿಂದ ಮೆಟ್ರೊ ಇದೆಯಲ್ಲ, ಆರ್.ವಿ. ರಸ್ತೆಯಿಂದ. ಸೈಕಲ್ ಯಾಕೆ?

ಯಲಹಂಕ 29:
ಸೈಕಲ್ ಬಗ್ಗೆ ಕೇಳಿದ್ರೆ ರೈಲಿನ ಬಗ್ಗೆ ಹೇಳ್ತೀರಲ್ಲ. ಮೆಟ್ರೊ ಒಳಗೂ ಮಡಚೋ ಸೈಕಲ್ ಮಾತ್ರ ಬಿಡೋದು.

ಮೂರು ಆಕ್ಸಲ್:
98 ಕೆಜಿ ಇಲ್ಲಿ. ನೀವು 92 ಅಂದಿದ್ದು ಯಾರ ಕಣ್ಣಿಗೂ ಬಿದ್ದಿಲ್ಲ. ನನ್ನ ಕಥೆ: ಏಳು ಗೇರಿನ ಫ್ರೀವೀಲ್ ಹಬ್, ಹದಿನಾಲ್ಕು ತಿಂಗಳಲ್ಲಿ ಮೂರು ಆಕ್ಸಲ್. ಫ್ರೀವೀಲ್ ಹಬ್‌ನಲ್ಲಿ ಬಲಗಡೆ ಬೇರಿಂಗ್ ಗೇರ್‌ಗಳಿಗಿಂತ ಒಳಗಡೆ ಇರತ್ತೆ. ಅಲ್ಲಿಂದ ಫ್ರೇಮ್‌ವರೆಗೆ ಮೂರ್ನಾಲ್ಕು ಸೆಂಟಿಮೀಟರ್ ಆಕ್ಸಲ್ ಕೆಳಗೆ ಆಸರೆನೇ ಇಲ್ಲ. ನಮ್ಮಂಥವರು ಹಂಪ್ ಮೇಲೆ ಕೂತ್ಕೊಂಡೇ ಹಾರಿದ್ರೆ ಅಲ್ಲೇ ಬಾಗೋದು. ಕ್ಯಾಸೆಟ್ ಹಬ್‌ನಲ್ಲಿ ಬೇರಿಂಗ್ ಹೊರ ಅಂಚಿಗೆ ಬರತ್ತೆ, ಬಾಗಲ್ಲ.

ಮೊದಲನೇದು ಬಾಗಿದ್ದು ಗೊತ್ತೇ ಆಗಲಿಲ್ಲ. ಗೇರ್ ತಪ್ತಿದೆ ಅಂತ ಡಿರೇಲರ್ ಟ್ಯೂನ್ ಮಾಡ್ಸಿದ್ದೇ ಮಾಡ್ಸಿದ್ದು, ನಾಲ್ಕು ಸಲ, ಸಲಕ್ಕೆ 250. ಯಾರೂ ಚಕ್ರ ಬಿಚ್ಚಿ ನೋಡಲಿಲ್ಲ. ಎರಡನೇದು ಮೈಸೂರು ರಸ್ತೇಲಿ ಕೆಂಗೇರಿ ದಾಟಿದ ಮೇಲೆ ಪೂರ್ತಿ ಎರಡು ತುಂಡು. ಕ್ವಿಕ್ ರಿಲೀಸ್ ಕಡ್ಡಿ ಒಂದೇ ಹಿಡ್ಕೊಂಡಿತ್ತು. ಟಾಟಾ ಏಸ್‌ಗೆ 700. ಆಕ್ಸಲ್ 220, ಕೋನ್, ಗುಂಡು, ಗ್ರೀಸ್ ಸೇರಿ 480. ಮೂರನೇದಾದ ಮೇಲೆ ಕ್ಯಾಸೆಟ್ ಹಬ್‌ನ ಚಕ್ರ ಕಟ್ಟಿಸ್ದೆ, 36 ಕಡ್ಡಿ, ಎಂಟು ಸ್ಪೀಡ್ ಕ್ಯಾಸೆಟ್ ಸೇರಿ 6,200. ಅದೇ ಫಸ್ಟ್ ಮಾಡಿದ್ರೆ... ಬಿಡಿ. ಹಿಂದಿನ ಚಕ್ರ ಮೇಲಕ್ಕೆ ಎತ್ತಿ ಎಡ–ಬಲ ಅಲ್ಲಾಡಿಸಿ ನೋಡಿ ಮೊದಲು. ಟೈರ್ ತುದಿ ಕಟಕಟ ಅಂದ್ರೆ ಗೊತ್ತಾಯ್ತಲ್ಲ.

ಮಲ್ಲೇಶ್ವರದ ಹಳೇ ಸವಾರ:
ಹಂಪ್ ಬಂದಾಗ ಸೀಟಿನಿಂದ ಏಳುವುದನ್ನು ಕಲಿತರೆ ಖರ್ಚಿಲ್ಲ.

ಮೂರು ಆಕ್ಸಲ್:
ಸಾರ್, ಬೆಂಗಳೂರಿನ ಹಂಪ್‌ಗೆಲ್ಲ ಎದ್ದರೆ ಕೂರೋದ್ಯಾವಾಗ?

ಉತ್ತರಹಳ್ಳಿ ಹೊಸಬ:
ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ಓದೋ ಹೊತ್ತಿಗೆ 1.75 ಇಂಚಿನ ಸ್ಲಿಕ್ (ನುಣುಪು) ಟೈರ್ ಜೋಡಿ ಹಾಕಿಸ್ಬಿಟ್ಟಿದ್ದೆ, 2,800. ಆಫೀಸಿಗೆ ಎಂಟು ನಿಮಿಷ ಬೇಗ ಹೋದೆ, ಖುಷಿಯಾಯ್ತು. ತುರಹಳ್ಳಿಗೆ ಅದು ಆಗಲ್ಲ ಅಂತ ಈಗ ಗೊತ್ತಾಯ್ತು. ಫ್ರೇಮ್ ಸೈಜ್ ಸರಿ ಇದೆ. ಈಗಷ್ಟೇ ಸೆಲ್ಲಾರ್‌ಗೆ ಹೋಗಿ ಹಿಂದಿನ ಚಕ್ರ ಅಲ್ಲಾಡಿಸಿ ಬಂದೆ. ಕಟಕಟ ಅಂತಿದೆ.

ಮೂರು ಆಕ್ಸಲ್:
ಎಷ್ಟು ಅಲ್ಲಾಡತ್ತೆ? ಒಂದು ಮಿಮೀನಾ, ಎರಡಾ?

ಗೇರ್ ಗಿರಾಕಿ:
ಹೇಗೂ ಚಕ್ರ ಬದಲಿಸ್ತೀಯಲ್ಲ, 11 ಸ್ಪೀಡ್ ಹಬ್ಬೇ ಹಾಕಿಸ್ಬಿಡು ಗುರು. ಮುಂದೆ ಉಪಯೋಗಕ್ಕೆ ಬರತ್ತೆ.