ಹಳ್ಳದ ನೀರು ಹೊಕ್ಕ ಫೋರ್ ವೀಲ್ ಜೀಪು, ಬಲ್ಲವರು ಹೇಳಿ

ಅಣ್ಣಾರೆ, ಗಂಗಾವತಿ, ಕೊಪ್ಪಳ ಕಡೆ ಡೀಸೆಲ್ ಗಾಡಿ ಕೆಲಸ ಬಲ್ಲವರು ಇದ್ದರೆ ಸಹಾಯ ಬೇಕು. ಕನಕಗಿರಿ ಹತ್ತಿರ ಹಳ್ಳ ದಾಟುವಾಗ ನೀರು ಬಾನೆಟ್ ಮಟ್ಟಕ್ಕೆ ಬಂತು. ಗಾಡಿ ನಡುವೆ ನಿಲ್ಲಲಿಲ್ಲ, ದಡ ಹತ್ತಿತು. ತೊಂದರೆ ಶುರುವಾಗಿದ್ದು ಆಮೇಲೆ.

ಸ್ಟಾರ್ಟ್ ಆಗುತ್ತದೆ, ಆದರೆ ಮಿಸ್ಸಿಂಗ್ ಇದೆ, ಇಂಜಿನ್ ತಡೆತಡೆದು ಓಡುತ್ತದೆ. ಬಿಳಿ ಹೊಗೆ ಜಾಸ್ತಿ, ಏರಿನಲ್ಲಿ ಪಿಕಪ್ಪೇ ಇಲ್ಲ. ಏರ್ ಫಿಲ್ಟರ್ ತೆಗೆದರೆ ಕೆಳಗಿನ ಅಂಚು ಒದ್ದೆ, ಮಡಿಕೆಗಳಲ್ಲಿ ಎರೆಮಣ್ಣಿನ ಕೆಸರು. ಇಂಜಿನ್ ಆಯಿಲ್ ನೋಡುವ ಕಡ್ಡಿ (ಡಿಪ್‌ಸ್ಟಿಕ್) ಒರೆಸಿ ನೋಡಿದೆ. ಆಯಿಲ್ ಕಪ್ಪಗೇ ಇದೆ, ಹಾಲು ಹಾಕಿದ ಚಹಾದಂತೆ ಆಗಿಲ್ಲ, ಅಂದರೆ ಅದಕ್ಕೆ ನೀರು ಬೆರೆತಂತಿಲ್ಲ. ಅಷ್ಟೇ ಸಮಾಧಾನ. ಡೀಸೆಲ್ ಫಿಲ್ಟರಿನ ಕೆಳಗಿನ ಪ್ಲಗ್ ಸಡಿಲಿಸಿದಾಗ ಮೊದಲು ನೀರು ಬಂತು, ಆಮೇಲೆ ಬರೀ ಡೀಸೆಲ್.

ಮೇಸ್ತ್ರಿ ಇಂಜಿನ್ ಇಳಿಸಲೇಬೇಕು ಅಂತಾರೆ. ನನಗೆ ಒಪ್ಪಿಗೆ ಇಲ್ಲ. ಸಿಲಿಂಡರಿಗೆ ನೀರು ಹೋಗಿ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಿದ್ದರೆ, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿದರೆ ಸುಳಿವು ಸಿಗುತ್ತದೆ ಅಲ್ವಾ? ಅದನ್ನು ಬಿಟ್ಟು ಸುಮ್ನೆ ಇಳಿಸೋದು ಯಾಕೆ? ಡೀಸೆಲ್ ಇಂಜಿನ್ನಿಗೆ ಆಗುವ ಕಂಪ್ರೆಷನ್ ಗೇಜ್ ಹೊಸಪೇಟೆ, ಸಿಂಧನೂರು ಕಡೆ ಯಾರ ಹತ್ತಿರ ಇದೆ? ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಚೆಕ್ ಮಾಡುವವರೂ ಬೇಕು.

ಇನ್ನೊಂದು: ಗಾಳಿ ಆಡುವ ಬ್ರೀದರ್ ಪೈಪಿನಿಂದ ಆಕ್ಸಲ್ಲು, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೂ ನೀರು ಹೋಗಿರಬಹುದು. ಗೇರ್ ಆಯಿಲ್ ಈಗಲೇ ಬದಲಿಸಲಾ, ಮೊದಲು ಸ್ವಲ್ಪ ಇಳಿಸಿ ಬಣ್ಣ ನೋಡಲಾ? ಅಲ್ಲಿವರೆಗೆ ಗಾಡಿ ಓಡಿಸುತ್ತಿಲ್ಲ.