ಹುಟ್ಟು ಕಿವುಡು: ಜೀನಿನ ಪಾಲೆಷ್ಟು, ಪರಿಸರದ ಪಾಲೆಷ್ಟು?

ಕಾವೇರಿಸೀಮೆ:
ಹುಟ್ಟಿನಿಂದಲೇ ಕಿವಿ ಕೇಳಿಸದ ಮಕ್ಕಳ ಮಾತು ಬಂದಾಗಲೆಲ್ಲ "ಅರ್ಧ ಜೀನು, ಅರ್ಧ ಪರಿಸರ" ಅಂತ ಬರೀತಾರೆ. ನಮ್ಮ ಮಂಡ್ಯ, ಮೈಸೂರು ಕಡೆ ಸೋದರಮಾವನಿಗೆ ಹೆಣ್ಣು ಕೊಡೋದು ಇನ್ನೂ ನಿಂತಿಲ್ಲ. ಅಂದ್ಮೇಲೆ ಇಲ್ಲಿ ಜೀನಿನ ಪಾಲೇ ಜಾಸ್ತಿ. ಸಂಬಂಧದೊಳಗಿನ ಮದುವೆ ನಿಲ್ಲಿಸಿದರೆ ಮುಗೀತು, ಅಲ್ವಾ?

ಗಂಗೋತ್ರಿ ಗಿಣಿ:
ಆ "ಅರ್ಧ" ಅನ್ನೋದು ಗುಂಪಿನ ಲೆಕ್ಕ ಸರ್. ಇಷ್ಟು ಮಕ್ಕಳಲ್ಲಿ ಇಷ್ಟು ಜನಕ್ಕೆ ಜೀನು ಕಾರಣ, ಉಳಿದವರಿಗೆ ಸೋಂಕು, ಕಾಮಾಲೆ, ಔಷಧ ಅಂತ. ಒಂದು ಮಗುವಿನ ಕಿವಿಯನ್ನ ಹಾಗೆ ಹೋಳು ಮಾಡೋಕಾಗಲ್ಲ. ಮೇಲಾಗಿ ಆ ಲೆಕ್ಕ ನಿಂತಲ್ಲಿ ನಿಲ್ಲಲ್ಲ. ಬಸುರಿಯ ಮೊದಲ ಮೂರು ತಿಂಗಳಲ್ಲಿ ರುಬೆಲ್ಲಾ ತಗುಲಿದರೆ ಮಗುವಿನ ಕಿವಿ, ಕಣ್ಣು, ಹೃದಯ ಮೂರಕ್ಕೂ ಪೆಟ್ಟು ಬೀಳಬಹುದು. ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾಯ್ತು. ಆ ಹುಡುಗಿಯರು ತಾಯಂದಿರಾಗುವ ಹೊತ್ತಿಗೆ ರುಬೆಲ್ಲಾದ ಕಿವುಡು ಇಳಿಯುತ್ತೆ. ಆಗ ಒಂದೇ ಒಂದು ಜೀನೂ ಬದಲಾಗದೆ ಜೀನಿನ ಪಾಲು ಏರಿಬಿಡುತ್ತೆ!

ಮದ್ದೂರು ವಡೆ:
ಅದೆಲ್ಲ ಇರ್ಲಿ ಬುಡಿ. ನಮ್ ಕಡೆ ತಲೆತಲಾಂತರದಿಂದ ಅಕ್ಕನ ಮಗಳನ್ನೇ ತಂದ್ಕತಾ ಬಂದವ್ರೆ. ಬಹಳ ಮನೇಲಿ ಎಲ್ಲರ ಕಿವೀನೂ ನೆಟ್ಟಗೈತೆ. ಇದಕ್ಕೇನಂತೀರಿ?

ಗಂಗೋತ್ರಿ ಗಿಣಿ:
ಲೆಕ್ಕ ಹಾಕಿ ನೋಡೋಣ ಅಣ್ಣ. ಹುಟ್ಟು ಕಿವುಡಿಗೆ ಕಾರಣವಾಗುವ ಜೀನುಗಳಲ್ಲಿ ಹೆಚ್ಚು ಸಿಗೋದು ಜಿಜೆಬಿ2. ಭಾರತದಲ್ಲಿ ಇದರದೊಂದು ದೋಷ, ಡಬ್ಲ್ಯೂ24ಎಕ್ಸ್, ಮತ್ತೆ ಮತ್ತೆ ಕಾಣುತ್ತೆ. ಅಪ್ಪ, ಅಮ್ಮ ಇಬ್ಬರಿಂದಲೂ ದೋಷದ ಪ್ರತಿ ಬಂದರೆ ಮಾತ್ರ ಕಿವುಡು. ಒಂದೇ ಪ್ರತಿ ಇದ್ದವರಿಗೆ ಕಿವಿ ಚೆನ್ನಾಗೇ ಕೇಳುತ್ತೆ, ಅವರು ಬರೀ ವಾಹಕರು.

ಅಜ್ಜಿಯೊಬ್ಬಳೇ ವಾಹಕಿ ಅಂತಿಟ್ಕೊಳ್ಳಿ. ಅವಳ ಮಗನಿಗೆ ಆ ಪ್ರತಿ ಬಂದಿರೋ ಸಾಧ್ಯತೆ ಎರಡರಲ್ಲಿ ಒಂದು, ಮಗಳ ಮಗಳಿಗೆ ನಾಲ್ಕರಲ್ಲಿ ಒಂದು. ಮಾವ, ಸೊಸೆ ಇಬ್ಬರಿಗೂ ಬಂದಿರೋದು 8ರಲ್ಲಿ ಒಂದು. ಅವರ ಮಗುವಿಗೆ ಜೋಡಿಯಾಗಿ ಸಿಗೋದು 32ರಲ್ಲಿ ಒಂದು. ಅಜ್ಜಿ, ತಾತ ಇಬ್ಬರಲ್ಲೂ ಅಂಥ ಪ್ರತಿ ಇಲ್ಲದ ಮನೆಯಲ್ಲಿ ಸಂಬಂಧದ ಮದುವೆ ಹೊಸದಾಗಿ ಏನನ್ನೂ ಹುಟ್ಟಿಸಲ್ಲ. ಅದಕ್ಕೇ ನಿಮ್ಮ ಕಣ್ಣಿಗೆ ನೆಟ್ಟಗಿರೋ ಮನೆಗಳೇ ಜಾಸ್ತಿ ಬೀಳೋದು.

ಆದ್ರೆ ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು. "ಮೊದಲನೇದಕ್ಕೆ ಬಂತಲ್ಲ, ಇನ್ನು ಮೂರಕ್ಕೆ ಭಯವಿಲ್ಲ" ಅನ್ನೋದು ಶುದ್ಧ ತಪ್ಪು.

ಶ್ರವಣದೀಪ:
ಪಾಲಿನ ಲೆಕ್ಕ ಹೇಗೆ ಕೈಕೊಡುತ್ತೆ ಅನ್ನೋಕೆ ಜೆಂಟಾಮೈಸಿನ್ ನೋಡಿ. ನವಜಾತ ಶಿಶುವಿಗೆ ರಕ್ತದ ಸೋಂಕು ಅನುಮಾನ ಬಂದರೆ ಮೊದಲು ಕೊಡುವ ಔಷಧಗಳಲ್ಲಿ ಇದೂ ಒಂದು. ಹೆಚ್ಚು ಡೋಸ್, ಹೆಚ್ಚು ದಿನ ಆದರೆ ಯಾರ ಕಿವಿಗೂ ಅಪಾಯವೇ. ಆದ್ರೆ ಮೈಟೊಕಾಂಡ್ರಿಯಾದ (ಜೀವಕೋಶಕ್ಕೆ ಶಕ್ತಿ ಒದಗಿಸೋ ಭಾಗ) ಡಿಎನ್‌ಎಯಲ್ಲಿ 1555ನೇ ಜಾಗದಲ್ಲಿ ಎ ಅಕ್ಷರದ ಬದಲು ಜಿ ಇದ್ದವರಿಗೆ ಸರಿಯಾದ ಡೋಸೇ ಒಳಗಿವಿಯಲ್ಲಿ ಸದ್ದು ಹಿಡಿಯೋ ರೋಮಕೋಶಗಳನ್ನ ಕೊಲ್ಲಬಲ್ಲದು. ಔಷಧ ಮುಟ್ಟದಿದ್ದರೆ ಅವರಲ್ಲಿ ಹೆಚ್ಚಿನವರಿಗೆ ಕಿವಿ ಕೇಳುತ್ತಲೇ ಇರುತ್ತೆ. ಇಲ್ಲಿ ಜೀನಿಗೆ ಎಷ್ಟು ಪಾಲು, ಇಂಜೆಕ್ಷನ್‌ಗೆ ಎಷ್ಟು? ಒಂದನ್ನ ತೆಗೆದರೆ ಇನ್ನೊಂದು ಸುಮ್ಮನಾಗುತ್ತೆ.

ಇದು ತಾಯಿಯಿಂದ ಮಾತ್ರ ಇಳಿಯುತ್ತೆ. ಹಾಗಾಗಿ "ತಾಯಿ ಕಡೆಯವರಲ್ಲಿ ಇಂಜೆಕ್ಷನ್ ಆದಮೇಲೆ ಕಿವಿ ಹೋದವರಿದ್ದಾರಾ" ಅಂತ ಕೇಳಬೇಕು, ಇದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ಮ್ಯಾಂಚೆಸ್ಟರ್‌ನಲ್ಲಿ ಮಗುವಿನ ಕೆನ್ನೆಯೊಳಗಿನ ಸ್ವ್ಯಾಬ್‌ನಿಂದ 26 ನಿಮಿಷದಲ್ಲಿ ಇದನ್ನ ಪತ್ತೆ ಮಾಡುವ ಯಂತ್ರ ಬಳಸಿ ನೋಡಿದ್ದಾರೆ. ದೋಷ ಕಂಡರೆ ಸೆಫಲೊಸ್ಪೊರಿನ್ ಗುಂಪಿನ ಔಷಧ. ಇದನ್ನೋದಿ ಹೆದರಿ ಯಾರೂ ಔಷಧ ಬೇಡ ಅನ್ನಬೇಡಿ, ಸೋಂಕು ಜೀವವನ್ನೇ ತೆಗೆಯುತ್ತೆ.

ಕಾವೇರಿಸೀಮೆ:
ಹಾಗಾದ್ರೆ ಜಾತಕದ ಜೊತೆ ಜೀನ್ ಪರೀಕ್ಷೆನೂ ಮಾಡಿಸಿಬಿಟ್ರೆ ಹೇಗೆ?

ಶ್ರವಣದೀಪ:
ಕಿವುಡಿಗೆ ಸಂಬಂಧಿಸಿದ ಜೀನುಗಳು ನೂರಕ್ಕೂ ಹೆಚ್ಚು. ಜಿಜೆಬಿ2 ಸರಿಯಿದೆ ಅಂತ ಬಂದ ವರದಿ ಉಳಿದವುಗಳ ಬಗ್ಗೆ ಏನೂ ಹೇಳಲ್ಲ. ಅದಕ್ಕಿಂತ ಮೊದಲು ಹುಟ್ಟಿದ ಪ್ರತಿ ಮಗುವಿನ ಕಿವಿ ನೋಡಿ. ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ಖಚಿತ, ಆರರೊಳಗೆ ಶ್ರವಣ ಯಂತ್ರ.

ಎಡವೋದು ಎರಡು ಕಡೆ. ಹುಟ್ಟಿದ ಮೊದಲ ದಿನ ಓಎಇ (ಕಿವಿಗೆ ಸದ್ದು ಕೊಟ್ಟು ಒಳಗಿವಿಯ ಮರುಸದ್ದು ಅಳೆಯೋ ತಪಾಸಣೆ) ಮಾಡಿದರೆ ಕಿವಿಯೊಳಗಿನ ದ್ರವ, ಹುಟ್ಟುವಾಗಿನ ಬಿಳಿ ಲೇಪದಿಂದ ಸುಮ್ಮಸುಮ್ಮನೆ "ರೆಫರ್", ಅಂದ್ರೆ ಪಾಸಾಗಿಲ್ಲ, ಮತ್ತೆ ಪರೀಕ್ಷಿಸಿ ಅಂತ ಬರುತ್ತೆ. 24 ಗಂಟೆ ಕಳೆದಮೇಲೆ, ಹಾಲು ಕುಡಿಸಿ ಮಲಗಿಸಿ, ಸದ್ದಿಲ್ಲದ ಕೋಣೆಯಲ್ಲಿ ಮಾಡಿ. ಎರಡನೇದು ಇನ್ನೂ ಕೆಟ್ಟದ್ದು. ತೀವ್ರ ಕಾಮಾಲೆಯಲ್ಲಿ ಪೆಟ್ಟು ಬೀಳೋದು ಶ್ರವಣ ನರದ ದಾರಿಗೆ. ಓಎಇ ನೋಡೋದು ಹೊರ ರೋಮಕೋಶಗಳನ್ನ ಮಾತ್ರ, ಆದ್ದರಿಂದ "ಪಾಸ್" ಅಂತ ಬರುತ್ತೆ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಐದು ದಿನಕ್ಕಿಂತ ಹೆಚ್ಚಿದ್ದ, ಅಥವಾ ರಕ್ತ ಬದಲಿಸುವಷ್ಟು ಕಾಮಾಲೆ ಏರಿದ್ದ ಮಗುವಿಗೆ ಶ್ರವಣ ನರದ ದಾರಿಯನ್ನೂ ನೋಡುವ ಬೇರಾ ಪರೀಕ್ಷೆ ಆಗಲೇಬೇಕು. ಮೈಸೂರಿನವರಿಗೆ ಮಾನಸಗಂಗೋತ್ರಿಯ ಆಯಿಷ್ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಇದೆ, 1965ರಿಂದ ಇದೇ ಕೆಲಸ.

ಮದ್ದೂರು ವಡೆ:
ಜೀನಿಂದ ಬಂದುದ್ದಕ್ಕೆ ಯಂತ್ರ ಹಾಕಿ ಏನ್ ಪ್ರಯೋಜನ? ಹಣೇಬರ ಅಲ್ವಾ ಅದು?

ಶ್ರವಣದೀಪ:
ಉಲ್ಟಾ ಅಣ್ಣ. ಜಿಜೆಬಿ2 ಕಿವುಡಿನಲ್ಲಿ ಶ್ರವಣ ನರ ಸಾಮಾನ್ಯವಾಗಿ ಚೆನ್ನಾಗಿರುತ್ತೆ, ಅದಕ್ಕೇ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಕೂರಿಸೋ, ಸದ್ದನ್ನ ನೇರ ನರಕ್ಕೆ ಮುಟ್ಟಿಸೋ ಸಾಧನ) ಆದ ಈ ಮಕ್ಕಳು ಒಳ್ಳೆ ಮಾತು ಕಲೀತಾರೆ, ಬೇಗ ಆದರೆ. ಭಾಷೆ ಜೀನಲ್ಲಿ ಬರೆದಿರಲ್ಲ, ಮೊದಲ ವರ್ಷಗಳಲ್ಲಿ ಕಿವಿಗೆ ಅಥವಾ ಕಣ್ಣಿಗೆ ಬೀಳಬೇಕು. ಇಂಪ್ಲಾಂಟ್‌ಗೆ ಕಾಯೋ ಮನೆಯವರು ಅಷ್ಟರಲ್ಲಿ ಸನ್ನೆ ಭಾಷೆ ಶುರು ಮಾಡಿದರೆ ನಷ್ಟವೇನಿಲ್ಲ. ಶ್ರವಣ ಯಂತ್ರ ಕುಯ್ ಅಂತ ಶಿಳ್ಳೆ ಹೊಡೆದರೆ ಕೆಟ್ಟಿದೆ ಅಂತ ಬೀರುವಿಗಿಡಬೇಡಿ. ಕೂಸಿನ ಕಿವಿ ಬೆಳೆದು, ಕಿವಿಯೊಳಗೆ ಕೂರೋ ಅಚ್ಚು ಸಡಿಲವಾಗಿರುತ್ತೆ, ಹೊಸ ಅಚ್ಚು ತೆಗೆಸಿ.

ಗಂಗೋತ್ರಿ ಗಿಣಿ:
ಎಲ್ಲಾ ಸರಿ, ಆದ್ರೆ ಜೀನ್ ಪರೀಕ್ಷೆಯನ್ನ ಮೇಡಂ ತೀರಾ ಹಿಂದಕ್ಕೆ ತಳ್ತಿದ್ದಾರೆ. ಉಷರ್ ಸಿಂಡ್ರೋಮ್ ಇದ್ದರೆ ಮುಂದೆ ಇರುಳುಗಣ್ಣು ಬಂದು ದೃಷ್ಟಿಯೂ ಕುಗ್ಗುತ್ತೆ. ಮೊದಲೇ ಗೊತ್ತಿದ್ದರೆ ಬರೀ ಸನ್ನೆಯನ್ನೇ ನೆಚ್ಚಿಕೊಳ್ಳದೆ ಇಂಪ್ಲಾಂಟ್‌ಗೆ ಅವಸರ ಮಾಡಬಹುದು. ಜರ್ವೆಲ್-ಲಾಂಗೆ-ನೀಲ್ಸನ್ ಅಂತ ಇನ್ನೊಂದಿದೆ: ಕಿವುಡಿನ ಜೊತೆ ಹೃದಯದ ಲಯ ತಪ್ಪಿ, ಓಡುವಾಗಲೋ ಬೆಚ್ಚಿದಾಗಲೋ ಮಗು ಪ್ರಜ್ಞೆ ತಪ್ಪಿ ಬೀಳುತ್ತೆ, ಜೀವಕ್ಕೇ ಅಪಾಯ. ಎರಡಕ್ಕೂ ಜೋಡಿ ಪ್ರತಿ ಬೇಕು, ಅಂದ್ರೆ ಸಂಬಂಧದೊಳಗಿನ ಮದುವೆಯಲ್ಲಿ ಸಾಧ್ಯತೆ ಹೆಚ್ಚು.

ಶ್ರವಣದೀಪ:
ಎರಡನೇದಕ್ಕೆ ಮೊದಲು ಒಂದು ಇಸಿಜಿ ಸಾಕು, ಕ್ಯೂಟಿ ಅವಧಿ (ಒಂದು ಬಡಿತದಲ್ಲಿ ಹೃದಯದ ವಿದ್ಯುತ್ ಸಂಕೇತ ಮುಗಿಯೋಕೆ ಹಿಡಿಯೋ ಹೊತ್ತು) ಉದ್ದವಾಗಿದ್ದರೆ ಅಲ್ಲೇ ಕಾಣುತ್ತೆ. ಎರಡೂ ಕಿವಿ ಪೂರ್ತಿ ಕೇಳದ ಪ್ರತಿ ಮಗುವಿಗೂ, ಇಂಪ್ಲಾಂಟ್‌ಗೆ ಅರಿವಳಿಕೆ ಕೊಡುವ ಮುಂಚೆಯೇ ಮಾಡಿಸಿ. ಜೀನ್ ವರದಿ ಬರೋದಕ್ಕೆ ವಾರಗಟ್ಟಲೆ ಹಿಡಿಯುತ್ತೆ. ಅಲ್ಲೀತನಕ ಯಂತ್ರ ಹಾಕೋದನ್ನ ನಿಲ್ಲಿಸಬೇಡಿ ಅನ್ನೋದಷ್ಟೇ ನನ್ನ ತಕರಾರು.